ಎತ್ತಿನ ನೊಗದಿಂದ ಟ್ರ್ಯಾಕ್ಟರಿನವರೆಗೆ: ನಮ್ಮ ಸೀಮೆಯ ಬಲದ ಲೆಕ್ಕ



ಕಳೆದ ತಿಂಗಳು ವೀರನಹೊಸಹಳ್ಳಿಯ ಕಡೆಯಿಂದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿದ್ದನು. ಕುಶಲ ವಿಚಾರಿಸಿದ ಬಳಿಕ ಅವನು ಕೇಳಿದ ಪ್ರಶ್ನೆ ಇದು: "ಮೇಷ್ಟ್ರೇ, ಒಂದು ಟ್ರ್ಯಾಕ್ಟರ್ ತಗೊಳ್ಳೋಣ ಅಂತ ಇದೀನಿ. ಪಕ್ಕದ ಹೊಲದವರು ಐವತ್ತು ಎಚ್‌ಪಿದು ತಂದವ್ರೆ. ಅಂಗಡಿಯವರೂ ಅದನ್ನೇ ಹೇಳ್ತಾರೆ. ನೀವೇನಂತೀರಿ?" ಅವನಿಗೆ ಪಾಲಿಗೆ ಬಂದಿರುವುದು ಐದು ಎಕರೆ. ಅದರಲ್ಲಿ ಎರಡು ಎಕರೆಗೆ ಕೊಳವೆಬಾವಿಯ ನೀರು, ಉಳಿದುದು ಮಳೆಯಾಶ್ರಯ. ಸಮಾಜ ವಿಜ್ಞಾನ ಪಾಠ ಮಾಡಿದ ನನ್ನನ್ನು ಅವನು ಯಂತ್ರದ ವಿಷಯ ಕೇಳಿದನಲ್ಲ ಎಂದು ಮೊದಲು ನಗು ಬಂದಿತು. ಆಮೇಲೆ ನಗು ನಿಂತಿತು. ಏಕೆಂದರೆ ಇದೇ ಪ್ರಶ್ನೆಯನ್ನು 1987ರಲ್ಲಿ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ಕೇಳಲಿಲ್ಲ. ಅದರ ಬೆಲೆಯನ್ನು ನಾವು ಭೂಮಿಯ ರೂಪದಲ್ಲಿ ತೆತ್ತೆವು. ಆ ಸಂಗತಿಯನ್ನು ಮುಂದೆ ಹೇಳುತ್ತೇನೆ.

ಕೆಲಸಕ್ಕೆ ಎಷ್ಟು ಬಲ ಬೇಕು ಎಂಬ ಲೆಕ್ಕ ನಮ್ಮ ಸೀಮೆಗೆ ಹೊಸದಲ್ಲ. ವೀರನಹೊಸಹಳ್ಳಿಯ ಹೆಸರು ನಾಡಿಗೆಲ್ಲ ಗೊತ್ತಿರುವುದು ಗಜಪಯಣದಿಂದ. ನಾಗರಹೊಳೆ ಅರಣ್ಯದ ಈ ಬಾಗಿಲಿನಲ್ಲಿ ಆನೆಗಳಿಗೆ ಪೂಜೆ ಸಲ್ಲಿಸಿ ದಸರೆಗೆಂದು ಮೈಸೂರಿಗೆ ಕಳುಹಿಸಿಕೊಡುತ್ತಾರೆ. ಮೈಸೂರು ಸೇರಿದ ಮೇಲೆ ಅವುಗಳನ್ನು ತೂಕ ಮಾಡಿ, ಮರಳಿನ ಮೂಟೆ ಹೊರಿಸಿ ತಾಲೀಮು ಕೊಡುತ್ತಾರೆ. 750 ಕಿಲೋ ತೂಕದ ಚಿನ್ನದ ಅಂಬಾರಿಯನ್ನು ಹೊರುವುದು ಅನುಭವಸ್ಥವಾದ ಒಂದು ಗಂಡಾನೆ. ಅದರ ಎರಡು ಪಕ್ಕದಲ್ಲಿ ನಡೆಯುವವು ಶಾಂತ ಸ್ವಭಾವದ ಹೆಣ್ಣಾನೆಗಳು. ನಿಶಾನೆಗೆ ಒಂದು ಆನೆ, ನೌಬತ್ತಿಗೆ ಇನ್ನೊಂದು. ಎಲ್ಲ ಆನೆಗಳೂ ಬಲಶಾಲಿಗಳೇ. ಆದರೂ ಮಾವುತರು ಕೆಲಸವನ್ನು ಮೊದಲು ನೋಡಿ ಆನೆಯನ್ನು ಆಮೇಲೆ ಆರಿಸುತ್ತಾರೆ. ಟ್ರ್ಯಾಕ್ಟರ್ ಕೊಳ್ಳುವವನು ಕಲಿಯಬೇಕಾದ ಮೊದಲ ಪಾಠ ನಮ್ಮ ಊರ ಬಾಗಿಲಲ್ಲೇ ಇದೆ.

ಎರಡನೆಯ ಪಾಠ ನಮ್ಮ ತಾಲ್ಲೂಕಿನ ಕೇಂದ್ರವಾದ ಹುಣಸೂರಿನದು. ಮೈಸೂರು ಅರಸರಲ್ಲಿ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ (1673-1704) 'ಬೆಣ್ಣೆ ಚಾವಡಿ' ಎಂಬ ಹೆಸರಿನ ಗೋಸಂಪತ್ತಿನ ಇಲಾಖೆಯಿತ್ತು. ಅರಮನೆಗೆ ಹಾಲು ಬೆಣ್ಣೆ ಒದಗಿಸುತ್ತಿದ್ದ ಆ ಇಲಾಖೆಯ ಎತ್ತುಗಳನ್ನು ಹೈದರಲಿಯು ಫಿರಂಗಿ ಎಳೆಯಲು ಮತ್ತು ಸೇನೆಯ ಸಾಮಗ್ರಿ ಸಾಗಿಸಲು ಬಳಸಿಕೊಂಡನು. ಟಿಪ್ಪು ಸುಲ್ತಾನನು ಅದಕ್ಕೆ 'ಅಮೃತ ಮಹಲ್' ಎಂದು ಹೆಸರಿಟ್ಟು ನಿಯಮಗಳನ್ನು ರೂಪಿಸಿದನು. ಚಿದಂಬರದ ಕಡೆಗಿನ ದಂಡಯಾತ್ರೆಯಲ್ಲಿ ಹೈದರನು ಈ ಎತ್ತುಗಳ ನೆರವಿನಿಂದ ಎರಡೂವರೆ ದಿನದಲ್ಲಿ ನೂರು ಮೈಲಿ ಸಾಗಿದನೆಂದು ಬಿ.ಎಲ್. ರೈಸ್ ಅವರ ಮೈಸೂರು ಗ್ಯಾಸೆಟಿಯರ್ ದಾಖಲಿಸುತ್ತದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಬಳಿಕ ಈ ಹಿಂಡುಗಳ ಬೆಲೆಯನ್ನು ಇಂಗ್ಲಿಷರು ಚೆನ್ನಾಗಿ ಅರಿತರು. 1813ರಲ್ಲಿ ಕಂಪನಿಯ ಸೇನಾಧಿಕಾರಿಯೊಬ್ಬನ ಕೈಗೆ ಇಲಾಖೆಯ ಆಡಳಿತ ಬಂದಿತು. ಹುಣಸೂರು ಅದರ ಕೇಂದ್ರಸ್ಥಾನವಾಯಿತು. ಖರ್ಚಿನ ಕಾರಣದಿಂದ 1860ರಲ್ಲಿ ಹಿಂಡುಗಳನ್ನು ಮಾರಿ ಇಲಾಖೆಯನ್ನು ಮುಚ್ಚಿದರು. ಅದು ತಪ್ಪೆಂದು ತಿಳಿದು 1866ರಲ್ಲಿ ಪುನಃ ಆರಂಭಿಸಿದರು.

ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಅಮೃತ ಮಹಲ್ ಎತ್ತು ಭಾರಿ ಗಾತ್ರದ್ದಲ್ಲ. ಅದರ ಹೆಸರು ಹಬ್ಬಿದ್ದು ವೇಗ ಮತ್ತು ತಾಳಿಕೆಯಿಂದ. ಸೇನೆಗೆ ಬೇಕಾಗಿದ್ದುದೂ ಅದೇ. ಆದರೆ ಅದೇ ಚುರುಕಿನ, ಅದೇ ಮುಂಗೋಪದ ಎತ್ತನ್ನು ರಾಗಿ ಹೊಲದ ಕುಂಟೆಗೆ ಕಟ್ಟಿದರೆ ಸಾಲು ಉಳಿಯುವುದಿಲ್ಲ. ಆದಕಾರಣ ನಮ್ಮ ರೈತರು ಹಳ್ಳಿಕಾರ್ ತಳಿಯ ಅಥವಾ ನಾಟಿ ಎತ್ತುಗಳನ್ನು ಸಾಕಿದರು. ಕೃಷ್ಣರಾಜನಗರದ ಕಡೆಯ ಚುಂಚನಕಟ್ಟೆಯಲ್ಲಿ ಕಾವೇರಿ ದಂಡೆಯ ಮೇಲೆ ಜನವರಿಯಲ್ಲಿ ಸೇರುವ ದನಗಳ ಜಾತ್ರೆಗೆ ನಮ್ಮ ತಂದೆಯವರು ನನ್ನನ್ನು ಕರೆದೊಯ್ದದ್ದು ನನಗೆ ನೆನಪಿದೆ. ಅವರು ಮೊದಲು ಹಲ್ಲು ನೋಡುವರು, ಆಮೇಲೆ ಗೊರಸು, ಸುಳಿ, ನಡಿಗೆ. ಕಣ್ಣಿಗೆ ಕಟ್ಟುವಂತಹ ದೊಡ್ಡ ಜೋಡಿಯ ಮುಂದೆ ನಾನು ನಿಂತುಬಿಟ್ಟಾಗ ಅವರು ಕೈಹಿಡಿದು ಎಳೆದುಕೊಂಡು ಹೋಗಿ, "ಅವುಕ್ಕೆ ಹುಲ್ಲು ಹೊಂಚೋದೇ ನಮ್ಗೆ ಕೆಲ್ಸ ಆಗೋಯ್ತದೆ ಮಗ" ಎಂದರು. ಬಲಕ್ಕೆ ಹೊಟ್ಟೆಯೂ ಇರುತ್ತದೆ ಎಂಬ ಅರ್ಥಶಾಸ್ತ್ರವನ್ನು ನಾನು ಕಲಿತದ್ದು ಆ ಜಾತ್ರೆಯಲ್ಲಿ.

ಹಾಗಾದರೆ ಎತ್ತಿನ ಬೇಸಾಯವೇ ಒಳ್ಳೆಯದಿತ್ತೇ? ಹಾಗೆನ್ನುವವರು ನೇಗಿಲ ಹಿಂದೆ ನಡೆದವರಲ್ಲ. ತರಗತಿಯಲ್ಲಿ ಮಾಡಿಸುತ್ತಿದ್ದ ಒಂದು ಲೆಕ್ಕವನ್ನು ಇಲ್ಲಿ ಮತ್ತೆ ಮಾಡೋಣ. ಒಂದು ಎಕರೆಗೆ 43,560 ಚದರಡಿ. ನಾಟಿ ನೇಗಿಲು ಒಂದು ಸಲಕ್ಕೆ ಅರ್ಧ ಅಡಿ ಅಗಲ ಉತ್ತರೆ ಆ ಎಕರೆಯನ್ನು ಮುಗಿಸಲು 87,120 ಅಡಿ, ಅಂದರೆ ಸುಮಾರು 26.5 ಕಿಲೋಮೀಟರ್ ನಡೆಯಬೇಕು. ಹುಣಸೂರಿನಿಂದ ಮೈಸೂರಿಗೆ ಸುಮಾರು 45 ಕಿಲೋಮೀಟರ್. ಒಂದು ಎಕರೆಯನ್ನು ಎರಡು ಸಾಲು ಉತ್ತವನು ಬರಿಗಾಲಿನಲ್ಲಿ, ನೇಗಿಲ ಮೇಣಿಯನ್ನು ಒತ್ತಿಕೊಂಡು, ಮೈಸೂರನ್ನು ದಾಟಿ ಹೋದಂತಾಯಿತು. ಐದು ಅಡಿ ಅಗಲದ ರೋಟವೇಟರ್ ಕಟ್ಟಿದ ಟ್ರ್ಯಾಕ್ಟರ್ ಅದೇ ಎಕರೆಗೆ ಓಡುವುದು 2.65 ಕಿಲೋಮೀಟರ್ ಮಾತ್ರ. ಮೊದಲ ಮಳೆಯ ಹದ ಮೂರು ನಾಲ್ಕು ದಿನದಲ್ಲಿ ಆರಿಹೋಗುವ ನಮ್ಮ ಕೆಮ್ಮಣ್ಣಿನಲ್ಲಿ ಈ ವ್ಯತ್ಯಾಸವೇ ಬೆಳೆ ಮತ್ತು ಬರಗಳ ನಡುವಣ ವ್ಯತ್ಯಾಸ. ಯಂತ್ರ ಬಂದುದು ಸರಿಯೇ. ಎಂತಹ ಯಂತ್ರ ಎಂಬುದೇ ಉಳಿದ ಪ್ರಶ್ನೆ.

ಈ ಪ್ರಶ್ನೆಗೆ ಉತ್ತರ ಹುಡುಕಿದ ಒಬ್ಬ ರೈತನ ಮಗನ ಕತೆಯನ್ನು ನೀವು ತಿಳಿಯಬೇಕು. 1917ರಲ್ಲಿ ಅಮೆರಿಕದ ಹೆನ್ರಿ ಫೋರ್ಡ್ 'ಫೋರ್ಡ್‌ಸನ್' ಎಂಬ ಟ್ರ್ಯಾಕ್ಟರನ್ನು ಬಹುಸಂಖ್ಯೆಯಲ್ಲಿ ತಯಾರಿಸಲು ಆರಂಭಿಸಿದನು. ಅಂದಿನ ಟ್ರ್ಯಾಕ್ಟರುಗಳು ಎತ್ತಿನಂತೆಯೇ ನೇಗಿಲನ್ನು ಹಿಂದೆ ಎಳೆಯುತ್ತಿದ್ದವು. ನೇಗಿಲು ಬಂಡೆಗೋ ಬೇರಿಗೋ ಸಿಕ್ಕಿಕೊಂಡರೆ ಹಿಂಬದಿಯ ಗಾಲಿ ನಿಂತು, ಮುಂಭಾಗ ಮೇಲೆದ್ದು, ಟ್ರ್ಯಾಕ್ಟರು ಚಾಲಕನ ಮೇಲೆಯೇ ಮಗುಚುವ ಅಪಾಯವಿತ್ತು. ಗಾಲಿ ನೆಲ ಹಿಡಿಯಬೇಕಾದರೆ ತೂಕ ಹೆಚ್ಚಿಸಬೇಕು ಎಂಬುದೊಂದೇ ಅಂದು ತಿಳಿದಿದ್ದ ಉಪಾಯ. ಉತ್ತರ ಐರ್ಲೆಂಡಿನ ಹ್ಯಾರಿ ಫರ್ಗ್ಯುಸನ್ (1884-1960) ಬೇರೆ ರೀತಿ ಯೋಚಿಸಿದನು. ನೇಗಿಲನ್ನು ಮೂರು ಕಡೆ ಟ್ರ್ಯಾಕ್ಟರಿಗೆ ಜೋಡಿಸಿ, ಹೈಡ್ರಾಲಿಕ್ ಒತ್ತಡದಿಂದ ಅದನ್ನು ಏರಿಳಿಸುವ ವ್ಯವಸ್ಥೆ ಮಾಡಿದನು. ಆಗ ನೇಗಿಲಿನ ಭಾರ ಮತ್ತು ಮಣ್ಣಿನ ಎಳೆತ ಎರಡೂ ಹಿಂದಿನ ಗಾಲಿಯ ಮೇಲೆ ಕೂತು ಅದಕ್ಕೆ ಹಿಡಿತ ಕೊಟ್ಟವು. ಮುಂಭಾಗ ಏಳದಂತೆ ಮೇಲಿನ ಸರಳು ಒತ್ತಿ ಹಿಡಿಯಿತು. ಹಗುರವಾದ ಯಂತ್ರವೇ ಭಾರವಾದ ಯಂತ್ರದ ಕೆಲಸ ಮಾಡಿತು. 1939ರಲ್ಲಿ ಫೋರ್ಡ್ ಕಂಪನಿಯೊಡನೆ, 1946ರಲ್ಲಿ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಟಿಇ-20 ಎಂಬ ಹೆಸರಿನಲ್ಲಿ ಆ ವಿನ್ಯಾಸ ಹೊರಬಂದಿತು. ಇಂದು ನಮ್ಮ ಊರಿನ ಯಾವ ಬಣ್ಣದ ಟ್ರ್ಯಾಕ್ಟರಿನ ಹಿಂಬದಿಯನ್ನು ನೋಡಿದರೂ ಆ ಮೂರು ತೋಳುಗಳು ಕಾಣುತ್ತವೆ.

ಸ್ವತಂತ್ರ ಭಾರತದಲ್ಲಿ ಟ್ರ್ಯಾಕ್ಟರಿನ ತಯಾರಿಕೆ ಆರಂಭವಾದದ್ದು 1959ರಲ್ಲಿ, ಫರೀದಾಬಾದಿನ ಐಷರ್ ಕಾರ್ಖಾನೆಯಿಂದ. ಅದನ್ನೇ ನಮ್ಮವರು 'ಐಚರ್' ಎನ್ನುವುದು. ಮದರಾಸಿನಲ್ಲಿ ಟಾಫೆ ಸಂಸ್ಥೆ 1960ರ ದಶಕದ ಆರಂಭದಲ್ಲಿ ಮ್ಯಾಸಿ ಫರ್ಗ್ಯುಸನ್ ಟ್ರ್ಯಾಕ್ಟರುಗಳನ್ನು ತಯಾರಿಸತೊಡಗಿತು. ಹಾಗೆ ಐರ್ಲೆಂಡಿನ ಆ ಯೋಚನೆ 'ಮ್ಯಾಸಿ' ಎಂಬ ಮುದ್ದಿನ ಹೆಸರಿನಲ್ಲಿ ನಮ್ಮ ಕಡೆಗೂ ಬಂದಿತು. 1963ರಲ್ಲಿ ಮಹೀಂದ್ರದವರು ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಜೊತೆಗೂಡಿ ಕಂಪನಿ ಸ್ಥಾಪಿಸಿದರು. ಬೆಂಗಳೂರಿನಲ್ಲಿ ಹುಟ್ಟಿ ನಮ್ಮೆಲ್ಲರ ಕೈಗೆ ಗಡಿಯಾರ ಕಟ್ಟಿದ ಎಚ್‌ಎಂಟಿ 1971ರಲ್ಲಿ ಚೆಕೊಸ್ಲೊವಾಕಿಯಾದ ಜೀಟರ್ ವಿನ್ಯಾಸದ 25 ಎಚ್‌ಪಿ ಟ್ರ್ಯಾಕ್ಟರನ್ನು ಪಿಂಜೋರಿನಲ್ಲಿ ಆರಂಭಿಸಿತು. 2016ರಲ್ಲಿ ಆ ವಿಭಾಗ ಮುಚ್ಚಿತು. ದುರ್ಗಾಪುರದ ಕೇಂದ್ರ ಯಾಂತ್ರಿಕ ಸಂಶೋಧನಾ ಸಂಸ್ಥೆಯ ನಮ್ಮವರೇ ವಿನ್ಯಾಸ ಮಾಡಿದ ಸ್ವರಾಜ್ 724 ಪಂಜಾಬಿನಲ್ಲಿ 1974ರಲ್ಲಿ ಹೊರಬಂದಿತು. ಬೆಂಗಳೂರಿನಲ್ಲಿ 1967ರಲ್ಲಿ ಆರಂಭವಾದ ವಿಎಸ್‌ಟಿ ಸಂಸ್ಥೆ ಜಪಾನಿನ ಮಿತ್ಸುಬಿಷಿ ಸಹಯೋಗದಲ್ಲಿ ಪವರ್ ಟಿಲ್ಲರ್ ತಯಾರಿಸಿತು. ಈ ಪಟ್ಟಿಯಲ್ಲಿರುವ ಯಂತ್ರಗಳನ್ನು ಗಮನಿಸಿ. ಅಂದು ದೇಶಕ್ಕೆ ಅನ್ನ ಬೆಳೆದುಕೊಟ್ಟ ಟ್ರ್ಯಾಕ್ಟರುಗಳಲ್ಲಿ ಬಹುಪಾಲು 25 ರಿಂದ 35 ಎಚ್‌ಪಿ ಒಳಗಿನವು.

ನಮ್ಮ ನಾಲ್ಕು ತಾಲ್ಲೂಕುಗಳ ಅನೇಕರು ಟ್ರ್ಯಾಕ್ಟರು ಹೊಲದಲ್ಲಿ ಕೆಲಸ ಮಾಡುವುದನ್ನು ಮೊದಲು ಕಂಡದ್ದು ಟಿಬೆಟನ್ನರ ಕ್ಯಾಂಪುಗಳಲ್ಲಿ. 1960ರಲ್ಲಿ ಮೈಸೂರು ಸರ್ಕಾರವು ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಸುಮಾರು ಮೂರು ಸಾವಿರ ಎಕರೆ ಕಾಡುಭೂಮಿಯನ್ನು ಅವರಿಗೆ ನೀಡಿತು. 1969ರಲ್ಲಿ ಅಲ್ಲಿಯೇ ಎರಡನೆಯ ವಸತಿ, 1972ರಲ್ಲಿ ನಮ್ಮ ಹುಣಸೂರು ತಾಲ್ಲೂಕಿನ ಗುರುಪುರದಲ್ಲಿ ಇನ್ನೊಂದು ವಸತಿ ಆರಂಭವಾದವು. ಹಿಮದ ನಾಡಿನಿಂದ ಬಂದು, ಕಾಡು ಕಡಿದು, ಆನೆಗಳ ಕಾಟ ತಡೆದು, ಮುಸುಕಿನ ಜೋಳ ಬೆಳೆದ ಆ ಜನರ ಸಾಹಸ ಸಣ್ಣದಲ್ಲ. ಅವರ ಪುನರ್ವಸತಿಗೆಂದೇ 1968ರಲ್ಲಿ ಹುಟ್ಟಿದ ಮೈರಾಡ ಸಂಸ್ಥೆ ಮುಂದೆ ರಾಜ್ಯದ ಗ್ರಾಮೀಣ ಸ್ವಸಹಾಯ ಸಂಘಗಳ ಚಳವಳಿಗೆ ದಾರಿ ತೋರಿತು. ಅವರಲ್ಲಿ ಟ್ರ್ಯಾಕ್ಟರು ಒಂದೊಂದು ಮನೆಯ ಆಸ್ತಿಯಾಗಿ ಆರಂಭವಾಗಲಿಲ್ಲ. ಸಹಕಾರ ಸಂಘ ಅದನ್ನು ಕೊಂಡು, ತನ್ನದೇ ಕಾರ್ಯಾಗಾರದಲ್ಲಿ ದುರಸ್ತಿ ಮಾಡಿಸಿ, ಸರದಿಯ ಮೇಲೆ ಎಲ್ಲರ ಹೊಲ ಉಳಿಸುತ್ತಿತ್ತು. ನಾವು ಹುಡುಗರು ಬದುವಿನ ಮೇಲೆ ನಿಂತು ಯಂತ್ರವನ್ನು ನೋಡಿ ಬೆರಗಾದೆವು. ಅದರ ಹಿಂದಿದ್ದ ಸಂಘವನ್ನು ಯಾರೂ ನೋಡಲಿಲ್ಲ.

ಅದೇ ಕಾಲದಲ್ಲಿ ನಮ್ಮ ಭೂಮಿಯ ಒಡೆತನವೂ ಬದಲಾಯಿತು. ನಮ್ಮ ತಾಲ್ಲೂಕಿನ ಕಲ್ಲಹಳ್ಳಿಯವರಾದ ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದಾಗ ಭೂಸುಧಾರಣಾ ಕಾಯಿದೆಯ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದಿತು. ಗೇಣಿಪದ್ಧತಿ ರದ್ದಾಗಿ ಉಳುವವನು ಹೊಲದ ಒಡೆಯನಾದನು. ಅದು ನ್ಯಾಯವೇ ಸರಿ. ಆದರೆ ಹಾಗೆ ಬಂದ ನಾಲ್ಕಾರು ಎಕರೆ, ಮುಂದಿನ ಎರಡು ತಲೆಮಾರಿನಲ್ಲಿ ಪಾಲಾಗುತ್ತ ಹೋಯಿತು. ಹೊಲ ಚಿಕ್ಕದಾಗುತ್ತ ಬಂದಂತೆ ಅಂಗಡಿಯಲ್ಲಿನ ಟ್ರ್ಯಾಕ್ಟರು ದೊಡ್ಡದಾಗುತ್ತ ಬಂದುದು ನಮ್ಮ ಕಾಲದ ವಿಚಿತ್ರ.

ಕೈಗೆ ನಗದು ತಂದದ್ದು ಹೊಗೆಸೊಪ್ಪು. 1976ರಲ್ಲಿ ತಂಬಾಕು ಮಂಡಳಿ ಸ್ಥಾಪನೆಯಾಯಿತು. 1984ರಲ್ಲಿ ಕರ್ನಾಟಕದಲ್ಲಿ ಮಂಡಳಿಯ ಹರಾಜು ಆರಂಭವಾಯಿತು. ಹುಣಸೂರು, ಪಿರಿಯಾಪಟ್ಟಣ ಸೀಮೆಯಲ್ಲಿ ಬ್ಯಾರನ್ನುಗಳು ಎದ್ದವು. ಬ್ಯಾರನ್ನಿಗೆ ಸೌದೆ ತರಬೇಕು, ಹದಮಾಡಿದ ಸೊಪ್ಪಿನ ಬೇಲುಗಳನ್ನು ಹರಾಜು ಕಟ್ಟೆಗೆ ಸಾಗಿಸಬೇಕು. ಹೀಗೆ ಟ್ರ್ಯಾಕ್ಟರಿಗೆ ಉಳುಮೆಯಷ್ಟೇ ಟ್ರೇಲರಿನ ಕೆಲಸವೂ ಸಿಕ್ಕಿತು. ಹರಾಜಿನಲ್ಲಿ ಒಳ್ಳೆಯ ದರ ಸಿಕ್ಕ ವರ್ಷ ಮನೆ ಮುಂದೆ ಒಂದು ಟ್ರ್ಯಾಕ್ಟರು ನಿಲ್ಲಿಸುವುದು ಪ್ರತಿಷ್ಠೆಯ ಮಾತಾಯಿತು.

ನಮ್ಮ ಮನೆಯ ಮುಂದೆಯೂ ಒಂದು ನಿಂತಿತು. ಅದು 1987ನೆಯ ಇಸವಿ. ಒಟ್ಟು ಕುಟುಂಬದ ಭೂಮಿ ಏಳು ಎಕರೆ. ನಮ್ಮ ಅಣ್ಣನವರು ಎತ್ತಿನ ಜೋಡಿ ಮಾರಿ, ಸಾಲ ತೆಗೆದು, ಆ ಕಾಲಕ್ಕೆ ಊರಿನಲ್ಲೇ ದೊಡ್ಡದೆನಿಸಿದ ಟ್ರ್ಯಾಕ್ಟರನ್ನು ತಂದರು. ಸಾಲಕ್ಕೆ ಜಾಮೀನು ಹಾಕಿದವನು ನಾನು. ಆಗಷ್ಟೇ ಸಂಬಳ ಕಾಣತೊಡಗಿದ್ದ ಮೇಷ್ಟರು. ಮಕ್ಕಳಿಗೆ ಎಕರೆಯ ಲೆಕ್ಕ ಮಾಡಿಸುತ್ತಿದ್ದ ನಾನು ಮನೆಯ ಲೆಕ್ಕ ಮಾಡದೆ ರುಜು ಹಾಕಿದೆ. ಮಾವಿನ ತೋರಣ ಕಟ್ಟಿದ ಆ ಯಂತ್ರದ ಮುಂದೆ ಕಾಯಿ ಒಡೆದಾಗ ನನಗೂ ಹೆಮ್ಮೆಯೇ ಆಗಿತ್ತು. ತಂದೆಯವರು ಮಾತ್ರ ಕೊಟ್ಟಿಗೆಯ ಬಾಗಿಲಲ್ಲಿ ಕುಳಿತು, "ಇದು ಏನ್ ತಿಂತದೆ?" ಎಂದು ಕೇಳಿದರು. ನಾವು ನಕ್ಕೆವು.

ಅದು ಡೀಸಲ್ಲು ತಿಂದಿತು, ಟೈರು ತಿಂದಿತು, ಕಂತು ತಿಂದಿತು. ನಮ್ಮ ಸಣ್ಣ ತುಂಡುಗಳಲ್ಲಿ ತಿರುಗಿಸಲು ಜಾಗ ಸಾಲದೆ ಬದುಗಳು ಕುಸಿದವು. ಹೊಗೆಸೊಪ್ಪಿನ ಸಾಲಿನ ನಡುವೆ ಅದು ಇಳಿಯುವಂತಿರಲಿಲ್ಲವಾದ್ದರಿಂದ ಕುಂಟೆ ಹೊಡೆಯಲು ನಾವೇ ಮಾರಿದ ಎತ್ತುಗಳನ್ನು ಕೊಂಡವರ ಬಳಿಗೆ ಬಾಡಿಗೆಗೆ ಹೋದೆವು. ಬಾಡಿಗೆ ಕೆಲಸ ನೆಚ್ಚಿದ್ದೆವು. ಮಳೆ ಕೈಕೊಟ್ಟ ವರ್ಷ ಬಾಡಿಗೆಗೆ ಕರೆಯುವವರೂ ಇರಲಿಲ್ಲ. 1991ರಲ್ಲಿ ಕೆರೆಯ ಹಿಂದಿನ ಎರಡೂವರೆ ಎಕರೆ ಮಾರಿ ಸಾಲ ತೀರಿಸಿದೆವು. ಅದು ನಮ್ಮ ತಾಯಿ ಮದುವೆಯಾಗಿ ಬಂದ ವರ್ಷ ತಾವೇ ನಾಟಿ ಹಾಕಿದ ಗದ್ದೆ. ಅಣ್ಣನವರು ಈಗಿಲ್ಲ. ಅವರೊಬ್ಬರ ತಪ್ಪೆಂದು ಬಂಧುಗಳಲ್ಲಿ ಕೆಲವರು ಇಂದಿಗೂ ಆಡಿಕೊಳ್ಳುವುದುಂಟು. ಅದಕ್ಕಾಗಿಯೇ ಇಷ್ಟನ್ನು ಬರೆಯುತ್ತಿದ್ದೇನೆ. ಲೆಕ್ಕ ಬಲ್ಲವನಾಗಿದ್ದೂ ಲೆಕ್ಕ ಹೇಳದೆ ರುಜು ಹಾಕಿದವನು ನಾನು. ತಪ್ಪಿನಲ್ಲಿ ದೊಡ್ಡ ಪಾಲು ನನ್ನದು.

ಈ ಇತಿಹಾಸವನ್ನೆಲ್ಲ ಇಟ್ಟುಕೊಂಡು ಶಿಷ್ಯನಿಗೆ ನಾನು ಹೇಳಿದ್ದನ್ನು ಇಲ್ಲಿ ಕ್ರಮವಾಗಿ ಬರೆಯುತ್ತೇನೆ. ನಿಮ್ಮಲ್ಲಿ ಇನ್ನಾರಿಗಾದರೂ ಉಪಯೋಗವಾದೀತು.

ಮೊದಲನೆಯದು ಮಣ್ಣು. ಹುಣಸೂರು, ಪಿರಿಯಾಪಟ್ಟಣಗಳ ಬಹುಭಾಗ ಮರಳು ಬೆರೆತ ಹಗುರವಾದ ಕೆಮ್ಮಣ್ಣು. ಇದಕ್ಕೆ ಭಾರಿ ಎಳೆತ ಬೇಕಿಲ್ಲ. ಭಾರವಾದ ಯಂತ್ರ ಹಸಿ ನೆಲದ ಮೇಲೆ ಪದೇ ಪದೇ ಓಡಿದರೆ ಕೆಳಪದರ ಗಟ್ಟಿಯಾಗಿ ಬೇರೂ ಇಳಿಯದು, ನೀರೂ ಇಂಗದು. ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಹತ್ತಿ ಬೆಳೆಯುವ ಎರೆಭೂಮಿಗೆ ಎಳೆತ ಹೆಚ್ಚು ಬೇಕು. ಕೃಷ್ಣರಾಜನಗರದ ನಾಲೆಯ ಗದ್ದೆಗಳಲ್ಲಿ ಕೆಸರು ಮಾಡಲು ಹಗುರವಾದ ಮೈ, ನೀರಿಗೆ ಕೆಡದ ಸೀಲುಗಳು, ಕೇಜ್ ವೀಲ್, ಸಾಧ್ಯವಾದರೆ ನಾಲ್ಕೂ ಗಾಲಿಗೆ ಎಳೆತ ಇರಬೇಕು. ಹಾಗಾಗಿ ಪಕ್ಕದ ತಾಲ್ಲೂಕಿನ ಭಾವಮೈದುನನ ಟ್ರ್ಯಾಕ್ಟರು ನಿನಗೆ ಮಾದರಿಯಾಗಲಾರದು.

ಎರಡನೆಯದು ಕೆಲಸ. ಒಂಬತ್ತು ಗುಳದ ಕಲ್ಟಿವೇಟರ್, ಐದು ಅಡಿಯ ರೋಟವೇಟರ್, ಒಂದು ಟ್ರೇಲರ್ ಇವೇ ನಮ್ಮ ಕಡೆಯ ಸಾಮಾನ್ಯ ಉಪಕರಣಗಳು. ಹಗುರ ಮಣ್ಣಿನಲ್ಲಿ ಇವಕ್ಕೆ 35 ರಿಂದ 42 ಎಚ್‌ಪಿ ಸಾಕು. ಆದರೆ ಬಾನೆಟ್ಟಿನ ಮೇಲೆ ಬರೆದ ಸಂಖ್ಯೆ ಎಂಜಿನ್ನಿನದು. ರೋಟವೇಟರನ್ನು ತಿರುಗಿಸುವುದು ಪಿಟಿಒ ದಂಡ. ಅಲ್ಲಿಗೆ ತಲುಪುವ ಬಲ ಇನ್ನೂ ಕಡಿಮೆ. 40 ಎಚ್‌ಪಿ ಎಂಜಿನ್ನಿನಿಂದ ಪಿಟಿಒಗೆ ಸುಮಾರು 34-36 ಸಿಗಬಹುದು. ಕೇಳಬೇಕಾದ ಸಂಖ್ಯೆ ಅದು. ಮಧ್ಯಪ್ರದೇಶದ ಬುದ್ನಿಯಲ್ಲಿ ಕೇಂದ್ರ ಸರ್ಕಾರದ ಟ್ರ್ಯಾಕ್ಟರ್ ತರಬೇತಿ ಮತ್ತು ಪರೀಕ್ಷಾ ಸಂಸ್ಥೆ 1955ರಿಂದ ಇದೆ. ಅದರ ಪರೀಕ್ಷಾ ವರದಿಯಲ್ಲಿ ಪಿಟಿಒ ಬಲ, ಎಳೆತ, ಎತ್ತುವ ಶಕ್ತಿ, ಇಂಧನದ ಖರ್ಚು ಎಲ್ಲವೂ ಇರುತ್ತವೆ. ವರದಿ ಕೊಡಿ ಎಂದು ಕೇಳಲು ಸಂಕೋಚ ಪಡಬಾರದು. ಹುಡುಗಿ ನೋಡಲು ಹೋದಾಗ ಹತ್ತು ಪ್ರಶ್ನೆ ಕೇಳುವ ನಾವು ಲಕ್ಷಗಟ್ಟಲೆ ಸಾಲದ ಯಂತ್ರ ನೋಡಲು ಹೋದಾಗ ಬಣ್ಣ ನೋಡಿ ಬರುತ್ತೇವೆ.

ಮೂರನೆಯದು ಸಾಲು. ಹೊಗೆಸೊಪ್ಪಿನ ಸಾಲುಗಳ ನಡುವೆ ಸುಮಾರು ಮೂರು ಅಡಿ ಅಂತರ. ಮಧ್ಯಮ ಟ್ರ್ಯಾಕ್ಟರಿನ ಗಾಲಿಗಳ ನಡುವಿನ ಅಗಲವೇ ನಾಲ್ಕು ಅಡಿ ಮೀರುತ್ತದೆ. ಬೆಳೆದ ಬೆಳೆಯೊಳಗಿನ ಕೆಲಸಕ್ಕೆ ಅದು ಬಾರದು. ಅದಕ್ಕೆ ಎತ್ತು ಬೇಕು, ಇಲ್ಲವೇ ಸಣ್ಣ ಕಳೆಯಂತ್ರ ಅಥವಾ ಪವರ್ ಟಿಲ್ಲರ್ ಬೇಕು. ಒಂದೇ ಯಂತ್ರ ಎಲ್ಲವನ್ನೂ ಮಾಡೀತೆಂಬ ಭ್ರಮೆಯಿಂದಲೇ ನಾವು ಎತ್ತು ಮಾರಿದ್ದು.

ನಾಲ್ಕನೆಯದು, ಎಲ್ಲಕ್ಕಿಂತ ಮುಖ್ಯವಾದುದು, ಗಂಟೆಗಳು. ಅವನಿಗೆ ನಾನು ಒಂದು ಮನೆಗೆಲಸ ಕೊಟ್ಟೆ. "ಹೋದ ಯುಗಾದಿಯಿಂದ ಈ ಯುಗಾದಿಯವರೆಗೆ ನಿನ್ನ ಹೊಲದಲ್ಲಿ ಬಾಡಿಗೆ ಟ್ರ್ಯಾಕ್ಟರ್ ಎಷ್ಟು ಗಂಟೆ ಕೆಲಸ ಮಾಡಿತು, ಗಂಡ ಹೆಂಡತಿ ಇಬ್ಬರೂ ಕೂತು ಬರೆದು ಕಳುಹಿಸು" ಎಂದೆ. ವಾರದ ಬಳಿಕ ಉತ್ತರ ಬಂದಿತು: ಗೊಬ್ಬರ, ಫಸಲು ಸಾಗಿಸಿದ್ದೂ ಸೇರಿ 62 ಗಂಟೆ. ಗಂಟೆಗೆ ಸಾವಿರ ರೂಪಾಯಿಯಂತೆ ಅವನು ಕೊಟ್ಟ ಬಾಡಿಗೆ 62,000. ಇನ್ನು ಏಳು ಲಕ್ಷ ಸಾಲ ಮಾಡಿ ಐದು ವರ್ಷದಲ್ಲಿ ತೀರಿಸಿದರೆ, ಬಡ್ಡಿಯನ್ನು ಬದಿಗಿಟ್ಟರೂ, ವರ್ಷಕ್ಕೆ 1,40,000. ಅದನ್ನು 62ರಿಂದ ಭಾಗಿಸಿದರೆ ಗಂಟೆಗೆ 2,258 ರೂಪಾಯಿ. ಡೀಸಲ್, ವಿಮೆ, ದುರಸ್ತಿ ಇದರ ಮೇಲೆ. ಅದೇ ಟ್ರ್ಯಾಕ್ಟರು ವರ್ಷಕ್ಕೆ 350 ಗಂಟೆ ದುಡಿದರೆ ಆ ಮೊತ್ತ ಗಂಟೆಗೆ 400ಕ್ಕೆ ಇಳಿಯುತ್ತದೆ. ಎಂಜಿನ್ನಿನ ಗಾತ್ರಕ್ಕಿಂತ ಈ ಭಾಗಾಕಾರ ದೊಡ್ಡದು. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರಿನ ಮೇಲಿನ ಜಿಎಸ್‌ಟಿ ಶೇಕಡ 12ರಿಂದ 5ಕ್ಕೆ ಇಳಿದಿರುವುದು ನಿಜ. ತೆರಿಗೆ ಇಳಿದ ಮಾತ್ರಕ್ಕೆ ಹೊಲದಲ್ಲಿ ಗಂಟೆಗಳು ಹೆಚ್ಚುವುದಿಲ್ಲ.

ಫೋನಿನಲ್ಲಿ ಕೆಲವು ಕ್ಷಣ ಅವನು ಮಾತಾಡಲಿಲ್ಲ. "ಹಂಗಾದ್ರೆ ತಗೋಬಾರ್ದಾ ಮೇಷ್ಟ್ರೇ?" ಎಂದನು. ತೆಗೆದುಕೊಳ್ಳಬೇಡ ಎಂದು ನಾನು ಹೇಳಲಿಲ್ಲ. ಮಳೆ ಬಿದ್ದ ದಿನ ಬಾಡಿಗೆಯವನಿಗಾಗಿ ಕಾದು ಹದ ತಪ್ಪಿಸಿಕೊಂಡವನ ಸಂಕಟ ನನಗೆ ಗೊತ್ತು. ರಾಜ್ಯ ಸರ್ಕಾರ 2014-15ರಲ್ಲಿ ಆರಂಭಿಸಿದ ಕೃಷಿ ಯಂತ್ರಧಾರೆ ಕೇಂದ್ರಗಳ ಉದ್ದೇಶವೂ ಸಣ್ಣ ರೈತನಿಗೆ ಬಾಡಿಗೆಗೆ ಯಂತ್ರ ಒದಗಿಸುವುದೇ. ಆದರೆ ಹದದ ದಿನ ಎಲ್ಲರಿಗೂ ಒಂದೇ ದಿನ. ಸ್ವಂತ ಯಂತ್ರದ ಆಸೆ ಬರಿಯ ಪ್ರತಿಷ್ಠೆಯದಲ್ಲ.

ನಾನು ಕೇಳಿದ್ದು ಇನ್ನೊಂದು ಪ್ರಶ್ನೆ: "ನಿಮ್ಮ ಅಣ್ಣನ ಪಾಲು ಎಷ್ಟಿದೆ?" ಅಣ್ಣನದು ಐದು ಎಕರೆ, ಚಿಕ್ಕಪ್ಪನ ಮಗನದು ನಾಲ್ಕು, ಒಟ್ಟು ಹದಿನಾಲ್ಕು. ಒಂದೇ ಬಗೆಯ ಮಣ್ಣು, ಒತ್ತಾಗಿರುವ ಹೊಲಗಳು. ಆದರೆ ಪಾಲಾದ ಮೇಲೆ ಅಣ್ಣತಮ್ಮಂದಿರಲ್ಲಿ ಮಾತು ಕಡಿಮೆ. ಬೈಲಕುಪ್ಪೆಯ ಸಂಘದ ವಿಷಯ ಹೇಳಿದೆ. ನಮ್ಮ ಅಣ್ಣನವರ ವಿಷಯವನ್ನೂ ಹೇಳಿದೆ, ಜಾಮೀನಿನ ರುಜುವನ್ನು ಮುಚ್ಚಿಡದೆ. ಮೂವರೂ ಸೇರಿ 40 ಎಚ್‌ಪಿ ಆಸುಪಾಸಿನ ಒಂದನ್ನು ಕೊಂಡು, ಯಾರ ಹೊಲಕ್ಕೆ ಯಾವಾಗ ಎಂಬ ಸರದಿಯನ್ನೂ ಡೀಸಲ್ ದುರಸ್ತಿಗಳ ಹಂಚಿಕೆಯನ್ನೂ ಕೊಳ್ಳುವ ಮುನ್ನವೇ ಕಾಗದದ ಮೇಲೆ ಬರೆದುಕೊಂಡರೆ ಆ ಭಾಗಾಕಾರ ಸರಿಹೋಗುತ್ತದೆ ಎಂದೆ.

ಮೊನ್ನೆ ಅವನು ಮತ್ತೆ ಕರೆ ಮಾಡಿದ್ದನು. ಇನ್ನೂ ಯಾವುದನ್ನೂ ಕೊಂಡಿಲ್ಲ. ಆದರೆ ಅಣ್ಣನ ಮನೆಗೆ ಹೋಗಿದ್ದನಂತೆ. ಅತ್ತಿಗೆ ಕಾಫಿ ಕೊಟ್ಟರಂತೆ. ಮೂರು ಮನೆಯ ಗಂಟೆಗಳನ್ನೂ ಒಂದೇ ನೋಟುಪುಸ್ತಕದಲ್ಲಿ ಬರೆಯಲು ಆರಂಭಿಸಿದ್ದಾರಂತೆ. "ಅಣ್ಣನೇ ಬರೀತಾವ್ನೆ ಮೇಷ್ಟ್ರೇ, ಅವನ ಅಕ್ಷರ ಚೆಂದ" ಎಂದನು. ಅವನ ಅಣ್ಣನಿಗೂ ನಾನೇ ಪಾಠ ಮಾಡಿದ್ದೆ. ಅಕ್ಷರ ಚೆಂದವೆಂಬುದು ನಿಜ.

ಯಾವ ಬಣ್ಣದ ಟ್ರ್ಯಾಕ್ಟರು ಬರುವುದೋ ತಿಳಿಯದು. ಬಂದ ದಿನ ಕಾಯಿ ಒಡೆಯಲು ನನ್ನನ್ನು ಕರೆದಿದ್ದಾರೆ. ಮೊಣಕಾಲಿನ ನೋವಿದ್ದರೂ ಹೋಗಿಬರುವ ಮನಸ್ಸಿದೆ. ಈ ಸಲ ನೋಟುಪುಸ್ತಕ ನೋಡಿದ ಮೇಲೆಯೇ ಕಾಯಿ ಒಡೆಯುವುದೆಂದು ಹೇಳಿ ಕಳುಹಿಸಿದ್ದೇನೆ.